ಮುನಿತಾಯಮ್ಮನ ಎರಡನೆಯ ಕಾಲೇಜು

ಕೆಂಗೇರಿಯ ಮುನಿವೆಂಕಟಪ್ಪನವರ ಮಗಳು ಮುನಿತಾಯಮ್ಮನಿಗೆ ಚಿಕ್ಕಂದಿನಿಂದ ಒಂದು ಅಭ್ಯಾಸವಿತ್ತು. ಶಾಲೆಯಲ್ಲಿ ಅವತ್ತು ಕಲಿತದ್ದನ್ನು ಸಂಜೆ ಒಲೆಯ ಮುಂದೆ ಕೂತು ಅವ್ವನಿಗೆ ಹೇಳದಿದ್ದರೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ಅವ್ವ ಪಾಪಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಮುದ್ದೆ ತಿರುವುತ್ತಾ ಕೇಳುತ್ತಿದ್ದಳು, ತಿಳಿಯದಿದ್ದರೆ ಇನ್ನೊಂದು ಸಲ ಹೇಳು ಅನ್ನುತ್ತಿದ್ದಳು. ತ್ರಿಕೋನದ ಮೂರು ಕೋನ ಸೇರಿದರೆ ಯಾವಾಗಲೂ ಒಂದೇ ಅಳತೆ ಎಂಬ ಸಂಗತಿಯನ್ನು ಹುಡುಗಿ ಅವ್ವನಿಗೆ ಮನದಟ್ಟು ಮಾಡಿದ್ದು ಹಪ್ಪಳದ ತುಂಡುಗಳನ್ನು ಜೋಡಿಸಿ ತೋರಿಸಿ.

ಹೈಸ್ಕೂಲಿಗೆ ಅವಳು ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದಳು. ೧೯೫೨ರಲ್ಲಿ ಎಸ್.ಎಸ್.ಎಲ್.ಸಿ. ಪಾಸಾದಾಗ ಗಣಿತದಲ್ಲಿ ಇಡೀ ಶಾಲೆಗೇ ಹೆಚ್ಚು ಅಂಕ ಅವಳದು. ಹೆಡ್‌ಮಾಸ್ಟರ್ ರೇವಣಸಿದ್ದಪ್ಪನವರು ಕೆಂಗೇರಿಯವರೆಗೂ ಬಂದು, ಈ ಹುಡುಗಿಯನ್ನು ದೊಡ್ಡ ಕಾಲೇಜಿಗೇ ಸೇರಿಸಬೇಕು, ಬೇರೆ ಮಾತೇ ಬೇಡ ಎಂದರು. ಬೆಂಗಳೂರಿನ ಆ ಕಾಲೇಜಿನ ಹೆಸರು ಹೇಳಿದರೆ ಸಾಕು, ಆಗಿನ ಕಾಲಕ್ಕೆ ಜನ ತಾವು ಎದ್ದು, ಕೂರಲು ಜಾಗ ಬಿಡುತ್ತಿದ್ದರು. ಅಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟೇ ಇದ್ದರು. ಮುನಿವೆಂಕಟಪ್ಪ ಹಿಂದೆಮುಂದೆ ನೋಡದೆ ಸೇರಿಸಿದರು. ಸಂತೆಯಲ್ಲಿ ಗುರುತಿನವರು ಮಾತ್ರವಲ್ಲ, ಗುರುತಿಲ್ಲದವರೂ ಅವರನ್ನು ನಿಲ್ಲಿಸಿ ಮಗಳ ವಿಷಯ ಕೇಳುವಂತಾಯಿತು.

ಆದರೆ ಆ ಕಾಲೇಜು ಮುನಿತಾಯಮ್ಮನಿಗೆ ಒಗ್ಗಲಿಲ್ಲ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಅದೂ ಓಡುವ ಇಂಗ್ಲಿಷಿನಲ್ಲಿ. ಕ್ಲಾಸಿನ ತುಂಬ ಜನ. ಮುಂದಿನ ಬೆಂಚಿನಲ್ಲಿ ಹೆಣ್ಣುಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುವುದು, ಗಂಟೆ ಹೊಡೆದೊಡನೆ ಲೇಡೀಸ್ ರೂಮಿಗೆ ಹೋಗುವುದು, ಅಷ್ಟೇ. ಮೇಷ್ಟ್ರುಗಳು ಕೆಟ್ಟವರಲ್ಲ, ವಿದ್ವಾಂಸರೇ. ಎದ್ದು ನಿಂತು ಕೇಳುವ ಧೈರ್ಯ ಇವಳಿಗಿರಲಿಲ್ಲ. ಒಂದು ದಿನ ಅರ್ಥವಾಗದೆ ಬಿಟ್ಟದ್ದು ಮರುದಿನಕ್ಕೆ ಎರಡಾಯಿತು. ಮೊದಲ ಪರೀಕ್ಷೆಯಲ್ಲಿ ಗಣಿತವೇ ಹೋಯಿತು.

ಮನೆಯಲ್ಲಿ ಅವಳು ಏನನ್ನೂ ಹೇಳಲಿಲ್ಲ. ಒಂದು ಸಂಜೆ ಪಾಪಮ್ಮನೇ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಕೇಳಿದಳು.

"ಕಾಲೇಜಿಗೆ ಸೇರಿದಾಗ್ನಿಂದ ನೀನು ನಂಗೊಂದು ಪಾಠಾನೂ ಹೇಳಿಲ್ಲ ಕಣವ್ವ. ಅಲ್ಲಿ ಏನೂ ಕಲಿಸಾಕಿಲ್ವಾ?"

ಮುನಿತಾಯಮ್ಮ ಅಳುತ್ತಲೇ ಎಲ್ಲವನ್ನೂ ಹೇಳತೊಡಗಿದಳು. ಜಗುಲಿಯಲ್ಲಿದ್ದ ಮುನಿವೆಂಕಟಪ್ಪ ಒಳಗೆ ಬಂದು ಕೊನೆಯವರೆಗೂ ಕೇಳಿಸಿಕೊಂಡರು. ಸಂತೆಯಲ್ಲಿ ಇನ್ನು ಮುಖ ತೋರಿಸುವುದು ಹೇಗೆಂದು ಅಪ್ಪ ಕೇಳುತ್ತಾರೆ ಎಂದುಕೊಂಡಿದ್ದಳು. ಅವರು ಕೇಳಿದ್ದು ಬೇರೆ.

"ಓದೋದು ಬ್ಯಾಡವಾ, ಆ ಕಾಲೇಜು ಬ್ಯಾಡವಾ?"

"ಓದ್ಬೇಕು ಅಪ್ಪ."

"ಹಂಗಾದ್ರೆ ಇನ್ನೊಂದು ನೋಡಾನ. ಈ ಸಲ ನೀನೇ ನೋಡು."

ಆ ಕಾಲೇಜು ಬಿಡುವುದು ಸುಲಭವಾಗಲಿಲ್ಲ. ಒಂದು ವರ್ಷ ಹಾಳಾಯಿತು. ರೇವಣಸಿದ್ದಪ್ಪನವರು ಮುಖ ಕೊಟ್ಟು ಮಾತಾಡಲಿಲ್ಲ. ಬಿಡದಿಯ ಕಡೆಯ ನೆಂಟರು ಇದೇ ಸಮಯವೆಂದು ಗಂಡಿನ ಪ್ರಸ್ತಾಪ ತಂದರು. ಹುಡುಗಿ ಓದು ಬಿಟ್ಟಿಲ್ಲ, ಕಾಲೇಜು ಬದಲಾಯಿಸುತ್ತಿದ್ದಾಳೆ ಎಂದು ಮುನಿವೆಂಕಟಪ್ಪ ಅವರಿಗೆ ಕಾಫಿ ಕೊಟ್ಟು ಕಳಿಸಿದರು. ಆ ಮಾತನ್ನು ಮುನಿತಾಯಮ್ಮ ಒಳಗಿನಿಂದ ಕೇಳಿಸಿಕೊಂಡಳು. ಮುಂದೆ ಎಷ್ಟೋ ವರ್ಷಗಳ ನಂತರವೂ ಅಪ್ಪನ ವಿಷಯ ಬಂದಾಗ ಅವಳು ಮೊದಲು ಹೇಳುತ್ತಿದ್ದದ್ದು ಇದನ್ನೇ.

ಬೇಸಿಗೆಗೆ ಮುಂಚೆ ಅಪ್ಪ ಮಗಳಿಬ್ಬರೂ ಹೆಣ್ಣುಮಕ್ಕಳದೇ ಆದ ಒಂದು ಕಾಲೇಜಿಗೆ ಹೋದರು. ಅಪ್ಪ ಗೇಟಿನ ಬಳಿ ಮರದಡಿ ಕೂತರು. ಇವಳು ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದ ಹುಡುಗಿಯೊಬ್ಬಳನ್ನು ಮಾತಾಡಿಸಿದಳು. ಹೆಸರು ಪ್ರಭಾ. ಆಗಷ್ಟೇ ಏಳುತ್ತಿದ್ದ ರಾಜಾಜಿನಗರದವಳು, ತಂದೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕಟ್ಟಡ ಹೇಗಿದೆ, ಹೆಸರು ಎಷ್ಟಿದೆ ಎಂದು ಮುನಿತಾಯಮ್ಮ ಕೇಳಲಿಲ್ಲ. ಪಾಠ ಅರ್ಥವಾಗದಿದ್ದರೆ ಇಲ್ಲಿ ಏನು ಮಾಡುತ್ತೀರಿ ಎಂದು ಕೇಳಿದಳು.

"ಲಕ್ಷ್ಮಿದೇವಮ್ಮ ಮೇಡಂ ಹತ್ರ ಹೋಗ್ತೀವಿ. ಹೋದ್ರೆ ಬೈಯಲ್ಲ ಕಣೇ, ಹೋಗ್ದೇ ಇದ್ರೆ ಬೈತಾರೆ," ಎಂದಳು ಪ್ರಭಾ.

ಅಂದೇ ಅವಳನ್ನು ಕರೆದುಕೊಂಡು ಹೋಗಿ ಗಣಿತದ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರಿಸಿದಳು. ಲಕ್ಷ್ಮಿದೇವಮ್ಮನವರು ನೋಡಿದರು, ಎಬ್ಬಿಸಲಿಲ್ಲ. ಅವರದೂ ಇಂಗ್ಲಿಷೇ. ಆದರೆ ಲೆಕ್ಕದ ಒಂದೊಂದು ಹಂತಕ್ಕೂ ನಿಂತು, ಮುಖಗಳನ್ನು ನೋಡಿ, ಬೇಕೆನಿಸಿದಾಗ ಕನ್ನಡಕ್ಕೆ ಬಂದು ಮತ್ತೆ ಮುಂದೆ ಹೋಗುತ್ತಿದ್ದರು. ಆ ಸಂಜೆ ಪಾಪಮ್ಮನಿಗೆ ಎಷ್ಟೋ ದಿನಗಳ ಮೇಲೆ ಒಂದು ಪಾಠ ಸಿಕ್ಕಿತು.

ಜೂನ್ ತಿಂಗಳಲ್ಲಿ ಮುನಿತಾಯಮ್ಮ ಅಲ್ಲಿ ಸೇರಿದಳು. ಕಾಲೇಜು ಸರಿಯಾಗಿದ್ದರೆ ಸಾಲದು, ತಾನೂ ಬಾಯಿ ಬಿಡಬೇಕು ಎಂಬುದು ಈಗ ಅವಳಿಗೆ ಗೊತ್ತಿತ್ತು. ಮೊದಲ ವಾರವೇ ಎದ್ದು ನಿಂತು ತನಗೆ ಬಂದ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದಳು. ಕೆಲವರು ನಕ್ಕರು.

"ಪ್ರಶ್ನೆ ಸರಿಯಾಗಿದೆ," ಎಂದರು ಲಕ್ಷ್ಮಿದೇವಮ್ಮ. "ಭಾಷೆ ನಿಧಾನವಾಗಿ ಬರುತ್ತೆ. ನೀನು ಕೇಳೋದು ನಿಲ್ಲಿಸ್ಬೇಡ."

ಅವಳು ನಿಲ್ಲಿಸಲಿಲ್ಲ. ಕೆಂಗೇರಿಯ ರೈಲು ಬೇಗ ಬರುತ್ತಿದ್ದುದರಿಂದ ಕಾಲೇಜು ತೆರೆಯುವ ಮುಂಚೆಯೇ ಮೆಟ್ಟಿಲ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದಳು. ಪ್ರಭಾ ತನ್ನ ಕ್ಲಾಸಿನ ಹಳೆಯ ಪುಸ್ತಕಗಳನ್ನು ತಂದುಕೊಟ್ಟಳು, ಜೊತೆಗೆ ಕೂತಳು. ಲೆಕ್ಕಕ್ಕೆ ಹೆದರುತ್ತಿದ್ದ ಇನ್ನೂ ಕೆಲವರು ಬಂದು ಸೇರಿದರು. ಅವ್ವನಿಗೆ ಹೇಳುತ್ತಿದ್ದ ಹಾಗೆಯೇ ಅವರಿಗೂ ಹೇಳತೊಡಗಿದಳು. ಒಂದು ಬೆಳಿಗ್ಗೆ ಲಕ್ಷ್ಮಿದೇವಮ್ಮನವರು ಮೆಟ್ಟಿಲು ಹತ್ತುವಾಗ ನಿಂತು ಕೇಳಿ ಒಳಗೆ ಹೋದರು. ಮಾರನೆಯ ದಿನದಿಂದ ಆ ಹುಡುಗಿಯರಿಗಾಗಿ ಕಪ್ಪುಹಲಗೆಯಿದ್ದ ಒಂದು ಕೋಣೆಯ ಬಾಗಿಲು ಬೇಗ ತೆರೆದಿರುತ್ತಿತ್ತು.

ಇಂಟರ್‌ಮೀಡಿಯೆಟ್ ಮುಗಿಯಿತು, ಬಿ.ಎಸ್ಸಿ. ಮುಗಿಯಿತು. ಪರೀಕ್ಷೆಯ ದಿನಗಳಲ್ಲಿ ಪ್ರಭಾಳ ತಾಯಿ ಇವಳನ್ನು ರೈಲಿಗೆ ಬಿಡದೆ ರಾಜಾಜಿನಗರದ ತಮ್ಮ ಪುಟ್ಟ ಮನೆಯಲ್ಲೇ ಇಟ್ಟುಕೊಂಡರು, ಬೆಳಿಗ್ಗೆ ಬಿಸಿ ಅನ್ನ ಬಡಿಸಿ ಕಳಿಸಿದರು. ಮೇಷ್ಟ್ರ ತರಬೇತಿಯೂ ಆದ ಮೇಲೆ ಅದೇ ರಾಜಾಜಿನಗರದಲ್ಲಿ ಹೊಸದಾಗಿ ಶುರುವಾಗಿದ್ದ ಹೈಸ್ಕೂಲಿನಲ್ಲಿ ಅವಳಿಗೆ ಗಣಿತದ ಕೆಲಸ ಸಿಕ್ಕಿತು. ಸುದ್ದಿ ಕೇಳಿ ರೇವಣಸಿದ್ದಪ್ಪನವರು ತಾವಾಗಿ ಕೆಂಗೇರಿಗೆ ಬಂದರು. ದೊಡ್ಡ ಕಾಲೇಜಿಗೇ ಸೇರಿಸಬೇಕೆಂದು ತಾವು ಅವತ್ತು ಅವಸರಪಟ್ಟದ್ದು ತಪ್ಪಾಯಿತೆಂದು ಮುನಿವೆಂಕಟಪ್ಪನವರ ಮುಂದೆ ಹೇಳಿದರು. ನೀವು ಬಂದು ಹೇಳದಿದ್ದರೆ ನನ್ನನ್ನು ಯಾವ ಕಾಲೇಜಿಗೂ ಕಳಿಸುತ್ತಿರಲಿಲ್ಲ ಸಾರ್ ಎಂದು ಮುನಿತಾಯಮ್ಮ ಅವರ ಕಾಲು ಮುಟ್ಟಿದಳು.

ಆ ವರ್ಷದ ಚಳಿಗಾಲದಲ್ಲಿ, ಸೊಗಡಿನ ಅವರೆಕಾಯಿ ಬಂದಾಗ, ಒಂದು ಬುಟ್ಟಿ ತುಂಬಿಕೊಂಡು ಅವಳು ಲಕ್ಷ್ಮಿದೇವಮ್ಮನವರ ಮನೆಗೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಮೇಡಂ ಬಾಗಿಲು ತೆರೆದರು, ಬುಟ್ಟಿ ನೋಡಿದರು, ಚಾಪೆ ಹಾಸಿದರು.

"ಮೇಡಂ, ನೀವಿಲ್ಲದೇ ಇದ್ದಿದ್ರೆ…" ಎಂದು ಶುರುಮಾಡಿದಳು.

"ಮೊದ್ಲು ಕೂತ್ಕೋ, ಕಾಯಿ ಸುಲಿಯೋಣ," ಎಂದರು ಅವರು. "ನಿನ್ನ ಹುಡುಗ್ರು ಪ್ರಶ್ನೆ ಕೇಳ್ತಾರಾ?"

"ಕೇಳ್ತಾರೆ ಮೇಡಂ. ಒಬ್ಬಳಂತೂ ಬಿಡೋದೇ ಇಲ್ಲ."

ಲಕ್ಷ್ಮಿದೇವಮ್ಮ ಜೋರಾಗಿ ನಕ್ಕರು. ಇಬ್ಬರೂ ಬುಟ್ಟಿಯನ್ನು ನಡುವೆ ಇಟ್ಟುಕೊಂಡು, ಆ ಹುಡುಗಿ ಏನೇನು ಕೇಳುತ್ತಾಳೆಂದು ಮಾತಾಡುತ್ತಾ, ಕಾಯಿ ಮುಗಿಯುವವರೆಗೆ ಕೂತಿದ್ದರು.