ಒಳಗೆ ಹೋಗಲು ಅರ್ಜಿ

"ಎಲ್ಲಾರೂ ಹೊರಗ ಬರಾಕ ಅರ್ಜಿ ಹಾಕ್ತಾರ್ರಿ. ಒಳಗ ಹೋಗಾಕ ಅರ್ಜಿ ಹಿಡಕೊಂಡ ಬಂದವರು ನೀವ ಮೊದಲನೇದವರು ನೋಡ್ರಿ," ಎಂದರು ಹುಕ್ಕೇರಿ ಕಡೆಯ ಆ ಸಣ್ಣ ಜೈಲಿನ ಗುಮಾಸ್ತರು. ಹಾಗೆಂದು ನನ್ನ ಕಾಗದಗಳನ್ನು ತಿರುಗಿ ಕೊಡಲಿಲ್ಲ, ತೆಗೆದುಕೊಳ್ಳಲೂ ಇಲ್ಲ. ಮೇಜಿನ ನಡುವೆ ಇಟ್ಟು ಇಬ್ಬರಿಗೂ ಚಹಾ ಹೇಳಿದರು. ಸರಕಾರಿ ಕಚೇರಿಯಲ್ಲಿ ಚಹಾ ಬಂತೆಂದರೆ ಅವತ್ತು ಕೆಲಸ ಆಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ಕುಡಿದೆ. ಚಹಾ ಚೆನ್ನಾಗಿತ್ತು.

ನಾನು ಗೋಕಾಕದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುವವಳು. ಮನೆ ಮೂಡಲಗಿಯಲ್ಲಿ. ನನ್ನ ಕೈಕೆಳಗೆ ಕಲಿತ ಹುಡುಗಿಯರೇ ಡಾಕ್ಟರೇಟು ಮುಗಿಸಿಕೊಂಡು ಪೇಢೆ ತಂದುಕೊಡಲು ಶುರುಮಾಡಿದಾಗ ನನಗೂ ಹಟ ಹುಟ್ಟಿತು. ವಿಷಯ ಸಿಕ್ಕಿದ್ದು ಬಸ್ಸಿನಲ್ಲಿ. ಹುಕ್ಕೇರಿಗೆ ಹೋಗುವಾಗ ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ತೊಡೆಯ ಮೇಲೆ ರೊಟ್ಟಿ ಗಂಟು ಇಟ್ಟುಕೊಂಡು ದಾರಿಯುದ್ದಕ್ಕೂ ತನ್ನಷ್ಟಕ್ಕೆ ಏನೋ ಗುಣುಗುಣು ಅನ್ನುತ್ತಿದ್ದಳು. ಜಪವೇನೋ ಎಂದುಕೊಂಡು ಕೇಳಿದರೆ, "ನಮ್ಮವರನ್ನ ನೋಡಾಕ ಜೇಲಿಗೆ ಹೊಂಟೇನ್ರಿ. ಕಬ್ಬಿಣದ ಜಾಳಗಿ ಮುಂದ ನಿಂತಾಗ ಏನ ಹೇಳಬೇಕಂತ ಮಾಡೇನಿ ಅದೆಲ್ಲಾ ಮರತ ಹೊಕ್ಕೈತಿ. ಅದಕ್ಕ ಬಾಯಿಪಾಠ ಮಾಡಾಕತ್ತೇನಿ," ಎಂದಳು. ಅಷ್ಟು ದೂರ ಬಾಯಿಪಾಠ ಮಾಡಿಕೊಂಡು ಹೋದದ್ದನ್ನು ಅವಳು ಹೇಳಿದಳೋ ಇಲ್ಲವೋ ಎಂದು ನನಗೆ ಆಮೇಲೆ ಎಷ್ಟೋ ದಿನ ಕಾಡಿತು. ಜೈಲಿನ ಭೇಟಿಯ ಆ ಕೆಲವೇ ನಿಮಿಷಗಳಲ್ಲಿ ಗಂಡಹೆಂಡಿರು ಏನು ಮಾತಾಡುತ್ತಾರೆ? ಇದೇ ನನ್ನ ಸಂಶೋಧನೆ ಎಂದು ನಿರ್ಧರಿಸಿಬಿಟ್ಟೆ.

ಮಾರ್ಗದರ್ಶಕರಿಗೆ ವಿಷಯ ಹಿಡಿಸಿತು, ಜಾಗ ಹಿಡಿಸಲಿಲ್ಲ. "ಪರವಾನಗಿ ಸಿಗೂದು ಕಠಿಣ ಐತ್ರಿ. ಈ ಮಳಿಗಾಲ ಮುಗಿಯೂದರಾಗ ಬರಲಿಲ್ಲಂದ್ರ ವಿಷಯ ಬದಲಿ ಮಾಡಬೇಕಾಗತೈತಿ. ಸಕ್ಕರಿ ಕಾರ್ಖಾನಿ ಮ್ಯಾಲ ಮಾಡ್ರಿ, ಎಲ್ಲಾರೂ ಅದನ್ನ ಮಾಡ್ತಾರ," ಎಂದರು. ಸಕ್ಕರೆ ಕಾರ್ಖಾನೆಯ ಬಗ್ಗೆ ಬರೆಯುವುದೆಂದರೆ ನನಗೆ ಗಂಡನ ಬಗ್ಗೆ ಬರೆದಂತೆ. ಅವನು ಅಲ್ಲೇ ಕೆಲಸ ಮಾಡುತ್ತಾನೆ. ಮನೆಗೆ ಬಂದ ಮೇಲೂ ಕಬ್ಬಿನ ಮಾತು, ಪ್ರಬಂಧದಲ್ಲೂ ಕಬ್ಬಿನ ಮಾತು ಎಂದರೆ ನಾನು ಬದುಕುವುದು ಹೇಗೆ? ಬಂದರೆ ಜೈಲು, ಇಲ್ಲದಿದ್ದರೆ ಏನೂ ಬೇಡ ಎಂದು ಕೂತೆ.

ಅರ್ಜಿ ಹೊರಟಿತು. ವಿಶ್ವವಿದ್ಯಾಲಯದ ಸಮಿತಿಯವರು, ನನ್ನ ಪ್ರಶ್ನೆಗಳಿಂದ ಕೈದಿಗಳ ಮನಸ್ಸಿಗೆ ನೋವಾಗಬಹುದೇ ಎಂದು ಕೇಳಿದರು. ಬೆಂಗಳೂರಿನ ಮೇಲಿನ ಕಚೇರಿಯವರು, ಕೈದಿಗಳಿಂದ ನನಗೆ ತೊಂದರೆಯಾದರೆ ಯಾರು ಹೊಣೆ ಎಂದು ಕೇಳಿದರು. ಫೋನು ಒಯ್ಯುವುದಿಲ್ಲ, ಫೋಟೋ ತೆಗೆಯುವುದಿಲ್ಲ, ಯಾರ ಹೆಸರನ್ನೂ ಬರೆಯುವುದಿಲ್ಲ ಎಂದು ಬರೆದುಕೊಟ್ಟೆ. ಗಂಡ ಎಲ್ಲವನ್ನೂ ಓದಿ, "ಇಷ್ಟ ಕರಾರು ನಮ್ಮ ಮದುವ್ಯಾಗೂ ಇರಲಿಲ್ಲಲ," ಎಂದ. "ಇದ್ದಿದ್ರ ನಾ ಸಹಿ ಮಾಡ್ತಿದ್ದಿಲ್ಲ," ಎಂದೆ. ಕಾಗದಗಳೆಲ್ಲ ಸರಿಯಾದವು. ಉಳಿದದ್ದು ಒಂದೇ, ನಾನು ಮರ್ಯಾದಸ್ಥ ಮನೆಯವಳು ಹೌದೋ ಅಲ್ಲವೋ ಎಂದು ಪೊಲೀಸರು ಮನೆಗೆ ಬಂದು ವಿಚಾರಿಸುವುದು.

ಅವರು ಬಂದ ದಿನ ನಾನು ಕಾಲೇಜಿನಲ್ಲಿದ್ದೆ. ಮನೆಯಲ್ಲಿ ಅತ್ತೆ ಒಬ್ಬರೇ. ಬಂದವನು ಮೈಸೂರು ಕಡೆಯ ಹೊಸ ಪೇದೆ. ಅತ್ತೆ ಅವನಿಗೆ ಚಾಪೆ ಹಾಸಿ, ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಕೊಟ್ಟು ಕೂಡಿಸಿದ್ದಾರೆ. ಉಂಡು ಕೈ ತೊಳೆದ ಮೇಲೆ ಅವನು, "ಅಮ್ಮಾ, ನಿಮ್ಮ ಯಜಮಾನ್ರ ಹೆಸರೇನು?" ಎಂದು ಕೇಳಿದ್ದಾನೆ. ಅತ್ತೆ ಗೋಡೆಯ ಮೇಲಿನ ಫೋಟೋ ತೋರಿಸಿದ್ದಾರೆ. ಮಾವ ತೀರಿಹೋಗಿ ಬಹಳ ವರ್ಷಗಳಾಗಿದ್ದವು. "ಅದು ಸರಿ, ಹೆಸರು ಹೇಳಿ," ಎಂದಿದ್ದಾನೆ. ಅತ್ತೆ ಸುಮ್ಮನೆ. "ಹೇಳಕ್ಕಾಗಲ್ವಾ?" ಎಂದಿದ್ದಾನೆ. ಆಗುವುದಿಲ್ಲ ಎಂದು ಅತ್ತೆ ತಲೆ ಆಡಿಸಿದ್ದಾರೆ. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ. ಅವನು ಹೋಗಿ ಬರೆದ: 'ಅರ್ಜಿದಾರರ ಮನೆಯವರು ಮನೆಯ ಯಜಮಾನರ ಹೆಸರನ್ನು ತಿಳಿಸಲು ನಿರಾಕರಿಸಿರುತ್ತಾರೆ.'

ನನ್ನ ಅರ್ಜಿ ಅಲ್ಲಿಗೇ ನಿಂತಿತು. ಹೆಸರು ಬಚ್ಚಿಡುವ ಮನೆಯ ಸೊಸೆಯನ್ನು ಜೈಲಿನ ಒಳಗೆ ಬಿಡುವವರು ಯಾರು? ಗಂಡ ಠಾಣೆಗೆ ಹೋಗಿ ತನ್ನ ತಂದೆಯ ಹೆಸರನ್ನು ಹೇಳಿಬಂದ. ರೇಷನ್ ಕಾರ್ಡು ತೋರಿಸಿದ. ಅಲ್ಲಿಯ ಬರಹಗಾರರು, "ಹೆಸರು ನಮಗೂ ಗೊತ್ತೈತ್ರಿ, ನಿಮ್ಮ ತಂದಿಯವರು ನನಗ ಸಾಲ್ಯಾಗ ಕಲಿಸ್ಯಾರ. ಆದ್ರ ವರದಿಯೊಳಗ 'ನಿರಾಕರಿಸಿದ್ದಾರೆ' ಅಂತ ಬಿದ್ದೈತಿ. ಯಾರು ನಿರಾಕರಿಸ್ಯಾರ ಅವರ ಬಂದು ಹೇಳಬೇಕು," ಎಂದರಂತೆ.

ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ಬರೀ ಬಾಯಲ್ಲಿ ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ ಹೇಳುವುದು. ಮದುವೆಯಾಗಿ ಬಂದ ದಿನ ನಾದಿನಿಯರು ಬಾಗಿಲಲ್ಲಿ ಅಡ್ಡ ನಿಂತು, "ಹೆಸರ ಹೇಳು, ಇಲ್ಲಂದ್ರ ಒಳಗ ಬಿಡೂದಿಲ್ಲ," ಎಂದು ಕಾಡುತ್ತಾರೆ. ಮದುಮಗಳು ನಾಲ್ಕು ಸಾಲಿನ ಪ್ರಾಸ ಕಟ್ಟಿ ಅದರ ಕೊನೆಯಲ್ಲಿ ಹೆಸರು ಸೇರಿಸುತ್ತಾಳೆ. ಸೀಮಂತದಲ್ಲಿ, ಅರಿಶಿನ ಕುಂಕುಮದಲ್ಲಿ, ಯಾವಾಗ ಹೆಂಗಸರು ಸೇರಿದರೂ ಇದೇ ಆಟ. ಕೇಳಿದರೆ ಮಾತ್ರ ಹೇಳಬೇಕು, ಕೇಳದೆ ಯಾರೂ ಹೇಳುವುದಿಲ್ಲ. ನಾನಂತೂ ಗಂಡನನ್ನು ಹೆಸರು ಹಿಡಿದೇ ಕೂಗುತ್ತೇನೆ. ನಾನು ಕೂಗಿದಾಗಲೆಲ್ಲ ಅತ್ತೆಗೆ ಕಿವಿ ಕೇಳಿಸುವುದಿಲ್ಲ, ಮಿಕ್ಕ ಹೊತ್ತೆಲ್ಲ ಚೆನ್ನಾಗಿ ಕೇಳಿಸುತ್ತದೆ.

"ಅತ್ತೀ, ಒಂದ ಸಲ ಹೇಳಿಬಿಡ್ರಿ. ನನ್ನ ಇಷ್ಟ ದಿನದ ಕೆಲಸ ನೀರಾಗ ಹೋಗತೈತಿ," ಎಂದು ಅಡುಗೆಮನೆಯಲ್ಲಿ ಕೂತು ಬೇಡಿಕೊಂಡೆ.

ಅವರು ರೊಟ್ಟಿ ಬಡಿಯುತ್ತ, "ಹೇಳಾಕ ಬರೂದಿಲ್ಲವಾ," ಎಂದರು.

"ಒಡಪ ಹಾಕಿ ಹೇಳ್ರಿ ಹಂಗಾರ."

"ಅದು ಮುತ್ತೈದಿಯರು ಹೇಳೂದು. ನನಗೇನ ಕೆಲಸ ಅದರಾಗ?"

ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆಯ ಮೇಲೆ ಅಲ್ಲ, ಯಾರ ಮೇಲೆ ಎಂದು ನನಗೂ ಗೊತ್ತಾಗಲಿಲ್ಲ. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಶರಣರು ಒಪ್ಪದ ಎಷ್ಟೋ ಸಂಗತಿಗಳನ್ನು ಶರಣರ ಫೋಟೋದ ಕೆಳಗೇ ನಡೆಸಿಕೊಂಡು ಬರುವುದರಲ್ಲಿ ನಾವು ಬಲು ಗಟ್ಟಿಗರು. ಮಾವ ಹೋದ ಮೇಲೆ ಹೆಂಗಸರು ಸೇರಿ ಒಡಪು ಹೇಳುವಾಗೆಲ್ಲ ಅತ್ತೆ ಒಳಗೆ ಚಹಾ ಸೋಸುತ್ತಿರುತ್ತಿದ್ದರು. ನಾನೂ ನೋಡಿದ್ದೆ, ಚಹಾ ಚೆನ್ನಾಗಿ ಮಾಡುತ್ತಾರೆ ಎಂದುಕೊಂಡಿದ್ದೆ, ಅಷ್ಟೆ.

ಮಾರ್ಗದರ್ಶಕರು ಫೋನು ಮಾಡಿ, ಸಕ್ಕರೆ ಕಾರ್ಖಾನೆಯ ಮೇಲೆ ಪುಸ್ತಕಗಳು ಯಾವುವು ಸಿಗುತ್ತವೆ ಎಂದು ಹೇಳತೊಡಗಿದರು. ನಾನು ಹೂಂಗುಟ್ಟುವುದನ್ನು ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಮರುದಿನ ಬೆಳಿಗ್ಗೆ ನೋಡಿದರೆ, ಮಡಿಕೆ ಮುರಿಯದ ಇಳಕಲ್ ಸೀರೆ ಉಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು. "ನಡಿ, ಎಲ್ಲಿ ಐತಿ ಆ ಠಾಣಾ?" ಎಂದರು. ನಾನು ಹಲ್ಲುಜ್ಜುತ್ತಿದ್ದೆ, ಹಾಗೇ ಸ್ಕೂಟರಿನ ಕೀಲಿ ಹುಡುಕಿದೆ.

ಠಾಣೆಯಲ್ಲಿ ಅವತ್ತು ಇದ್ದವರು ಅಂಕಲಗಿ ಕಡೆಯ ಒಬ್ಬ ಮಹಿಳಾ ಸಬ್‌ ಇನ್‌ಸ್ಪೆಕ್ಟರ್. ನಾನು ಹೇಳಿದ್ದನ್ನೆಲ್ಲ ಕೇಳಿ ನಕ್ಕುಬಿಟ್ಟರು. ಮೈಸೂರು ಕಡೆಯ ಪೇದೆಯನ್ನು ಕರೆದು, "ಏನಪಾ, ಇವರ ಮನ್ಯಾಗ ಉಂಡ ಬಂದು ಹಿಂಗ ಬರದಿಯಲ್ಲ!" ಎಂದರು. ಅವನು, "ಮೇಡಂ, ಹೇಳಲ್ಲ ಅಂದ್ರು, ಹೇಳಲ್ಲ ಅಂತ ಬರ್ದೆ," ಎಂದ. ಪಾಪ, ಅವನದೂ ತಪ್ಪಿಲ್ಲ.

ಸಬ್‌ ಇನ್‌ಸ್ಪೆಕ್ಟರ್ ಅತ್ತೆಯ ಕಡೆ ತಿರುಗಿ, "ಬರ್ರಿ ಅವ್ವಾರ, ಕೂಡ್ರಿ. ಒಡಪ ಹಾಕಿ ಹೇಳ್ರಿ, ನಾ ಬರಕೋತೇನಿ," ಎಂದರು.

"ಅವರಿಲ್ಲಲವಾ. ಈಗ ನಾ ಒಡಪ ಹೇಳಬಾರದು."

"ಬಾರದು ಅಂತ ಯಾವ ಕಾನೂನಿನ್ಯಾಗ ಐತ್ರಿ? ನಾನ ಕೇಳಾಕತ್ತೇನಿ. ಪೊಲೀಸರು ಕೇಳಿದ್ರ ಹೇಳಬೇಕ್ರಿ," ಎಂದು ಆಕೆ ದನಿ ಸ್ವಲ್ಪ ಗಡಸು ಮಾಡಿದರು. ಕಣ್ಣಲ್ಲಿ ಮಾತ್ರ ನಗು ಹಾಗೇ ಇತ್ತು.

ಅತ್ತೆ ಕುರ್ಚಿಯಿಂದ ಎದ್ದು ನಿಂತರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ನೆಲ ನೋಡುತ್ತ ಒಂದೇ ಉಸಿರಿಗೆ ಶುರುಮಾಡಿದರು:

"ಧುಪದಾಳಕ್ಕ ಹೊಳಿ ತಡದಾರ ಕಲ್ಲಿನ ಕಟ್ಟಿ ಕಟ್ಟಿ,
ಬಿಸಿ ರೊಟ್ಟಿ ಮ್ಯಾಲ ಹಾಕೀನಿ ಕೆನಿಮೊಸರ ಗಟ್ಟಿ,
ಸಿಟ್ಟ ಬಂದ್ರೂ ಉಂಡ ಏಳತಾರ ಖಾಲಿ ಮಾಡಿ ಬುಟ್ಟಿ..."

ನಾಲ್ಕನೆಯ ಸಾಲಿನಲ್ಲಿ ಮಾವನ ಹೆಸರಿತ್ತು. ಅದನ್ನು ಇಲ್ಲಿ ಬರೆದರೆ ಅತ್ತೆ ನನ್ನನ್ನು ಮನೆಯೊಳಗೆ ಬಿಡುವುದಿಲ್ಲ. ಬರಹಗಾರರು ಪೆನ್ನು ಕೆಳಗಿಟ್ಟು, "ಖರೇನ್ರಿ, ಮಾಸ್ತರು ಹಂಗ ಉಣ್ಣತಿದ್ರು," ಎಂದು ನಕ್ಕರು. ಯಾವುದೋ ಜಗಳಕ್ಕೆ ಬಂದು ಬೆಂಚಿನ ಮೇಲೆ ಕೂತಿದ್ದ ಇಬ್ಬರು ಹೆಂಗಸರು ತಮ್ಮ ಜಗಳ ಮರೆತು, "ಇನ್ನೊಂದ ಹೇಳ್ರಿ ಆಯೀ," ಎಂದರು. ಅತ್ತೆಯ ಮುಖ ಕೆಂಪಾಗಿತ್ತು. ಅಷ್ಟು ಚೆಂದದ ಮುಖವನ್ನು ನಾನು ಆ ಮನೆಗೆ ಬಂದಾಗಿನಿಂದ ನೋಡಿರಲಿಲ್ಲ.

ವರದಿ ತಿದ್ದಿ ಕಳಿಸಿದರು. ಮಳೆಗಾಲ ಮುಗಿಯುವ ಮೊದಲೇ ಪರವಾನಗಿಯೂ ಬಂತು. ನನ್ನ ಪ್ರಶ್ನೆಗಳಲ್ಲಿ ಒಂದನ್ನು ಮೇಲಿನವರು ಹೊಡೆದುಹಾಕಿದ್ದರು. 'ನೀವು ಗಂಡನನ್ನು ಹೆಸರು ಹಿಡಿದು ಕರೆಯುತ್ತೀರಾ?' ಎಂಬುದು ಆ ಪ್ರಶ್ನೆ. ಸಂಶೋಧನೆಗೆ ಅನವಶ್ಯಕ ಎಂದು ಪಕ್ಕದಲ್ಲಿ ಬರೆದಿದ್ದರು. ಹುಕ್ಕೇರಿ ಕಡೆಯ ಗುಮಾಸ್ತರು ಈ ಸಲ ಚಹಾ ತರಿಸದೆ ನೇರವಾಗಿ ಬಾಗಿಲು ತೆಗೆಸಿದರು. ಒಳಗಿನ ಆ ಕೆಲವು ತಿಂಗಳುಗಳ ವಿಷಯ ನನ್ನ ಪ್ರಬಂಧದಲ್ಲಿದೆ, ಬೇಕಾದವರು ಓದಬಹುದು. ಪ್ರಬಂಧದಲ್ಲಿ ಬರೆಯಲಾಗದ್ದು ಅವತ್ತು ಠಾಣೆಯಿಂದ ಮನೆಗೆ ಬರುವಾಗಿನದು.

ಅತ್ತೆ ಸ್ಕೂಟರಿನ ಹಿಂದೆ ಕೂತಿದ್ದರು. ಸಿಟ್ಟಾದರೇ, ಬೇಜಾರಾಯಿತೇ ಎಂದು ನಾನು ಕನ್ನಡಿಯಲ್ಲಿ ನೋಡಿದೆ. ಅವರು ರಸ್ತೆಯ ಪಕ್ಕದ ಕಬ್ಬಿನ ಹೊಲ ನೋಡುತ್ತಿದ್ದರು.

"ಅವರು ಹ್ವಾದ ಮ್ಯಾಲ ಒಬ್ಬರೂ ಕೇಳಿದ್ದಿಲ್ಲವಾ," ಎಂದರು.

ಸ್ವಲ್ಪ ದೂರ ಹೋದ ಮೇಲೆ ಅವರೇ ಮತ್ತೆ, "ಅವರ ಹೆಸರಿನ ಮ್ಯಾಲ ಇನ್ನೂ ಎಷ್ಟೋ ಕಟ್ಟೇನಿ. ನೆನಪನ್ಯಾಗ ಅದಾವು. ಆದ್ರ ಕೇಳದ ಹೆಂಗ ಹೇಳೂದು?" ಎಂದರು.

ನಾನು ಸ್ಕೂಟರನ್ನು ಬದಿಗೆ ನಿಲ್ಲಿಸಿದೆ. ಟ್ರ್ಯಾಕ್ಟರೊಂದು ಹಾರ್ನು ಹಾಕುತ್ತ ಮುಂದೆ ಹೋಗುವವರೆಗೆ ಕಾದೆ. ಆಮೇಲೆ ಹಿಂದೆ ತಿರುಗಿ ಕೇಳಿದೆ.

"ಅತ್ತೀ, ನಿಮ್ಮ ಯಜಮಾನರ ಹೆಸರೇನ್ರಿ?"

ಅತ್ತೆ ಸ್ಕೂಟರಿನಿಂದ ಇಳಿದು, ರಸ್ತೆಯ ಬದಿಯಲ್ಲಿ ನೆಟ್ಟಗೆ ನಿಂತು, ಸೆರಗು ಸರಿಮಾಡಿಕೊಂಡರು.