ಅರ್ಧಕ್ಕೆ ನಿಂತ ಮಾಡು

ಮೋಟಾರು ಸುಟ್ಟರೆ ಎಸೆಯದೆ, ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಹೊತ್ತು ತರುತ್ತಿದ್ದ ವರ್ಷಗಳವು. ಕಾರವಾರದ ಹಬ್ಬುವಾಡದಲ್ಲಿ ನಮ್ಮ ಅಂಗಡಿ. ಸುಟ್ಟ ಮೋಟಾರಿನ ಹಳೇ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅಲ್ಲಿನ ಕೆಲಸ. ಮಾಡುತ್ತಿದ್ದವಳು ನನ್ನ ಆಯಿ. ಹೌದು, ನನ್ನ ಅಮ್ಮನೇ. ಅಪ್ಪ ತೀರಿಕೊಂಡ ಮೇಲೆ ಇವಳು ಅಂಗಡಿ ಮುಚ್ಚುತ್ತಾಳೆ ಅಂದುಕೊಂಡವರೆಲ್ಲ ಒಂದೊಂದು ಸಲ ಬಂದು ಬೋರ್ಡು ನೋಡಿಕೊಂಡು ಹೋದರು. ಬೋರ್ಡು ಇಳಿಯಲಿಲ್ಲ.

ನಮ್ಮ ಮನೆಯಲ್ಲಿ ಬಂಗಡೆ ಸಾರಿನ ವಾಸನೆಗಿಂತ ವಾರ್ನಿಷ್ ವಾಸನೆಯೇ ಜಾಸ್ತಿ. ಹನ್ನೊಂದು ವರ್ಷದ ನನಗೆ ಸುತ್ತು ಎಣಿಸುವ ಕೆಲಸ. ಬೇಸಿಗೆ ರಜೆಯಲ್ಲಿ ಓಣಿಯ ಹುಡುಗಿಯರು ಗೇರುಬೀಜ ಸಾಲಾಗಿ ಇಟ್ಟು ಹೊಡೆಯುವ ಆಟ ಆಡುತ್ತ ಕೂಗಿದರೆ ನನಗೆ ಎಣಿಕೆ ತಪ್ಪುತ್ತಿತ್ತು.

"ತಪ್ತಾ ಗೋ? ಬಿಚ್ಚು. ಮೊದ್ಲಿಂದ ಸುತ್ತೂದು," ಅನ್ನುತ್ತಿದ್ದಳು ಆಯಿ. ಬೈಯುತ್ತಿರಲಿಲ್ಲ, ಅದೇ ಕಷ್ಟ.

ಆ ವರ್ಷ ಮೇ ತಿಂಗಳಲ್ಲಿ ಬೆಳಂಬಾರದ ಬೀರಣ್ಣ ನಾಯಕರು ಒಂದು ವಿಚಿತ್ರ ಮೋಟಾರು ತಂದರು. ಅವರ ಹತ್ತಿರ ಹಳೇ ಕಾಲದ, ದೋಣಿಯಷ್ಟು ಉದ್ದದ ವಿದೇಶಿ ಕಾರಿತ್ತು. ಸ್ವಿಚ್ ಒತ್ತಿದರೆ ಸಾಕು, ಅದರ ಬಟ್ಟೆಯ ಮಾಡು, ಅಂದರೆ ಚಾವಣಿ, ತಾನೇ ಎದ್ದು ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು. ಆ ಮಾಡನ್ನು ಎತ್ತುವ ಮೋಟಾರು ಸುಟ್ಟಿತ್ತು. ಮಗಳ ಮದುವೆಯ ಮೆರವಣಿಗೆ ಅದೇ ಕಾರಿನಲ್ಲಿ ಆಗಬೇಕಂತೆ. ಆಯಿ ಮೂರು ದಿನ ಕೂತು ಸುತ್ತಿದಳು. ನಾನು ಎಣಿಸಿದೆ. ಒಂದು ಸುತ್ತೂ ತಪ್ಪಲಿಲ್ಲ.

ಮೋಟಾರು ಒಯ್ದು ವಾರ ಆಗಿರಲಿಲ್ಲ, ಸುದ್ದಿ ಬಂತು. ಮಾಡು ಅಲ್ಲಾಡುವುದಿಲ್ಲವಂತೆ. ನಾಯಕರು ಅಂಕೋಲೆ ಪೇಟೆಯಲ್ಲೆಲ್ಲ "ಹೆಂಗಸ್ರು ಸುತ್ತಿದ ಮೋಟಾರು, ಮತ್ತೆಂತ ಆಗ್ತದೆ?" ಎಂದು ಹೇಳಿಕೊಂಡು ತಿರುಗುತ್ತಿದ್ದರು. ನಮಗೆ ಕೊಟ್ಟಿದ್ದ ಪಂಪಿನ ಮೋಟಾರುಗಳನ್ನು ಇಬ್ಬರು ಬಂದು, ನಾವು ಬಿಚ್ಚುವ ಮೊದಲೇ ವಾಪಸ್ ಒಯ್ದರು. ಹೆಸರು ಹೋದರೆ ಅಂಗಡಿಯೂ ಹೋದ ಹಾಗೆ. ನನಗೆ ಅಳು ಬಂತು. ಆಯಿಗೆ ಸಿಟ್ಟು ಬಂತು.

"ಚಪ್ಪಲಿ ಹಾಕು. ಬೆಳಂಬಾರಕ್ಕೆ ಹೋಗೂದು."

ನಾಯಕರ ಅಂಗಳದಲ್ಲಿ ಮದುವೆ ಚಪ್ಪರ ಏಳುತ್ತಿತ್ತು. ಜಗುಲಿಯ ಮೇಲೆ ಹರವಿದ ಕರಿ ಈಶಾಡ ಮಾವಿನಹಣ್ಣಿನ ವಾಸನೆ ಗೇಟಿನ ತನಕ ಬರುತ್ತಿತ್ತು. ನಮ್ಮನ್ನು ಕಂಡು ಚಪ್ಪರ ಕಟ್ಟುವವರೆಲ್ಲ ಕೆಲಸ ಬಿಟ್ಟು ನಿಂತರು.

"ಮೋಟಾರು ಬಿಚ್ಚಿಕೊಡ್ಲಾ?" ಎಂದರು ನಾಯಕರು.

"ಬ್ಯಾಡ. ನನ್ನ ಮೋಟಾರು ಸರಿ ಅದೆ. ಅದ್ನ ಮುಟ್ಟೂದಿಲ್ಲ," ಎಂದಳು ಆಯಿ.

"ಹಾಂಗಾರೆ ಮಾಡು ಯಾಕೆ ಏಳೂದಿಲ್ಲ?"

"ಅದ್ನೇ ನೋಡೂಕೆ ಬಂದದ್ದು."

ಸ್ವಿಚ್ ಒತ್ತಿದರೆ ಡಿಕ್ಕಿಯೊಳಗೆ 'ಟಿಕ್' ಅಂದಿತು, ಅಷ್ಟೇ. ಆಯಿ ಬ್ಯಾಟರಿಯಿಂದ ಎರಡು ಉದ್ದ ವೈರು ಎಳೆದು ನೇರ ಮೋಟಾರಿಗೇ ಮುಟ್ಟಿಸಿದಳು. ಗುಂಯ್ ಎಂದು ತಿರುಗಿತು! ನಾನು ಚಪ್ಪಾಳೆ ತಟ್ಟಿದೆ. ಬೇರೆ ಯಾರೂ ತಟ್ಟಲಿಲ್ಲ. ಆಮೇಲೆ ಎರಡು ವೈರು ಕಟ್ಟಿದ ಸಣ್ಣ ಬಲ್ಬು ತೆಗೆದಳು. ಸ್ವಿಚ್ ಒತ್ತಿಸಿ, ಒಂದು ವೈರನ್ನು ಸ್ವಿಚ್ಚಿನಿಂದ ಬರುವ ತುದಿಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದಾಗ ಬಲ್ಬು ಹೊತ್ತಿತು. ಬ್ಯಾಟರಿ ಬಿಟ್ಟು, ಮೋಟಾರಿನ ವಾಪಸ್ ವೈರನ್ನು ಕಾರಿನ ಕಬ್ಬಿಣದ ಮೈಗೆ ಬಿಗಿದ ಅರ್ತಿಂಗ್ ಸ್ಕ್ರೂಗೆ ಹಿಡಿದಾಗ ಹೊತ್ತಲಿಲ್ಲ.

"ಕರೆಂಟು ಬರ್ತದೆ. ವಾಪಸ್ ಹೋಗೂಕೆ ದಾರಿ ಇಲ್ಲ," ಎಂದು ಆಯಿ ಸ್ಕ್ರೂ ಬಿಚ್ಚಿದಳು. ಕೆಳಗೆ ದಪ್ಪ ಕೆಂಪು ಬಣ್ಣ.

ಮಳೆ ಬರುವ ಮೊದಲು ಗೇಟು, ಕಿಟಕಿ ಸರಳು, ಕಬ್ಬಿಣ ಅಂತ ಏನು ಕಂಡರೂ ರೆಡ್ ಆಕ್ಸೈಡ್ ಬಳಿಯುವುದು ನಮ್ಮ ಕಡೆಯ ರೂಢಿ. ಬಳಿಯದಿದ್ದರೆ ಉಪ್ಪುಗಾಳಿ ತಿಂದುಹಾಕುತ್ತದೆ. ಮೋಟಾರು ನಮ್ಮ ಅಂಗಡಿಯಲ್ಲಿದ್ದಾಗ ನಾಯಕರು ಗೇಟಿಗೆ ಬಳಿದು ಉಳಿದದ್ದನ್ನು ಕಾರಿನ ಡಿಕ್ಕಿಯೊಳಗೂ ಎರಡು ಕೋಟು ಬಳಿದಿದ್ದರು. ಬಣ್ಣದ ಮೇಲೆ ಸ್ಕ್ರೂ ಕೂತರೆ ಕರೆಂಟು ಎಲ್ಲಿಂದ ಹರಿಯಬೇಕು?

ಆಯಿ ಬಣ್ಣ ಕೆರೆದು, ಕಬ್ಬಿಣ ಹೊಳೆಯುವ ತನಕ ಮರಳುಕಾಗದದಿಂದ ತಿಕ್ಕಿ, ಸ್ಕ್ರೂ ಬಿಗಿದಳು. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ "ಒತ್ತು ಗೋ" ಅಂದಳು. ಒತ್ತಿದೆ. ತಲೆಯ ಮೇಲಿನ ಮಾಡು ಎದ್ದು, ಅರ್ಧ ಆಕಾಶ ಕಂಡಿತು.

"ಬಿಡು!"

ಬಿಟ್ಟೆ. ಮಾಡು ಅಲ್ಲೇ ನಿಂತಿತು. ಆಯಿ ಆ ಸ್ಕ್ರೂ ಮತ್ತೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು.

"ಪೇಟೆಯಲ್ಲಿ ಹೇಳಿದ್ರಲ್ಲ ನಾಯಕರೆ, ಈಗ ಇಲ್ಲೂ ಹೇಳಿ. ಮೋಟಾರು ಸರಿ ಇತ್ತು, ತಪ್ಪು ನಂದು ಅಂತ."

ನಾಯಕರು ನಕ್ಕರು. "ಆಯ್ತಲ್ಲ ಬಾಯೋರೆ, ಬನ್ನಿ, ಚಾ ಕುಡೀರಿ."

"ಚಾ ಆಮೇಲೆ."

ಅಷ್ಟರಲ್ಲಿ ನಾಲ್ಕು ಹನಿ ಬಿತ್ತು.

"ಅಯ್ಯೋ, ಸೀಟು ನೆನೀತದೆ ಮಾರಾಯ್ರೆ!"

"ನೆನೀಲಿ."

ಹನಿ ದಪ್ಪವಾಯಿತು. ನಾನೂ ನೆನೆಯುತ್ತಿದ್ದೆ, ಆದರೆ ಇಳಿಯಲಿಲ್ಲ. ಯಾಕೆ ಇಳಿಯಬೇಕು? ಕೊನೆಗೆ ನಾಯಕರು ಚಪ್ಪರದವರ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. "ಕೇಳ್ರೋ, ಬಾಯೋರ ಮೋಟಾರು ಸರಿ ಇತ್ತು. ಬಣ್ಣ ಬಳ್ದು ಹಾಳು ಮಾಡಿದ್ದು ನಾನೇ."

"ಪೇಟೆಯಲ್ಲೂ ಹೇಳ್ಬೇಕು."

"ಹೇಳ್ತೆ ಮಾರಾಯ್ತಿ, ಮೊದ್ಲು ಮಾಡು ಮುಚ್ಚು!"

ಆಯಿ ಸ್ಕ್ರೂ ಬಿಗಿದಳು, ನಾನು ಸ್ವಿಚ್ ಒತ್ತಿ ಮಾಡು ಮುಚ್ಚಿದೆ. ನಾಯಕರು ಪೇಟೆಯಲ್ಲಿ ಹೇಳಿದರು ಕೂಡ. ಮೋಟಾರು ವಾಪಸ್ ಒಯ್ದಿದ್ದ ಇಬ್ಬರೂ ಹೊತ್ತುಕೊಂಡು ಮತ್ತೆ ಬಂದರು. ಆಯಿ ಅವರ ಕೆಲಸವನ್ನು ಎಲ್ಲರದ್ದಾದ ಮೇಲೆ ಹಿಡಿದಳು.

ಆಯಿ ಈಗಿಲ್ಲ. ಅಂಗಡಿ ನಾನು ನಡೆಸುತ್ತೇನೆ. ಹೋದ ತಿಂಗಳು ಯಾರೋ ಫೋನಿನ ಮ್ಯಾಪಿನಲ್ಲಿ ನನ್ನ ಅಂಗಡಿಗೆ ಒಂದೇ ಸ್ಟಾರ್ ಕೊಟ್ಟು, "ಇವಳಿಗೆ ಕೆಲಸ ಬರುವುದಿಲ್ಲ" ಎಂದು ಬರೆದಿದ್ದಾರೆ. ಹೆಸರಿಲ್ಲ, ಮುಖದ ಜಾಗದಲ್ಲಿ ಒಂದು ಗುಲಾಬಿ ಹೂ. ಬೀರಣ್ಣ ನಾಯಕರು ಹಳಿದದ್ದು ನಿಜ, ಆದರೆ ಅವರಿಗೊಂದು ಅಂಗಳವಿತ್ತು. ಬಸ್ಸು ಹತ್ತಿ ಹೋಗಿ ಎದುರು ನಿಂತು ಜಗಳವಾಡಬಹುದಿತ್ತು. ಈ ಹೂವಿನ ಮನೆ ಎಲ್ಲಿ ಅಂತ ಹುಡುಕಲಿ? ಈಗ ನನಗೆ ಇಲ್ಲವಾದದ್ದು ಆ ಅಂಗಳ.

ಹಾಗಂತ ಸುಮ್ಮನಿದ್ದೇನೆಯೇ? ಅದರ ಕೆಳಗೇ ಬರೆದೆ: "ಮೋಟಾರು ತನ್ನಿ. ನಿಮ್ಮ ಎದುರೇ ಬಿಚ್ಚುತ್ತೇನೆ. ತಪ್ಪು ನನ್ನದಾದರೆ ರಸ್ತೆಯಲ್ಲಿ ನಿಂತು ಕೂಗಿ ಹೇಳುತ್ತೇನೆ."

ಇಷ್ಟು ದಿನವಾಯಿತು, ಯಾರೂ ಬಂದಿಲ್ಲ. ಬರಲಿ. ಬೆಳಗ್ಗೆ ಎಂಟಕ್ಕೇ ಬಾಗಿಲು ತೆಗೆಯುತ್ತೇನೆ.