ನಲವತ್ತನೆಯ ಡಬ್ಬ

ಹೋದ ಭಾನುವಾರ ಮಾದಿಹಳ್ಳಿಯಲ್ಲಿ ಆರು ತಿಂಗಳ ಹೆಣ್ಣುಮಗುವೊಂದು ನನ್ನ ಕನ್ನಡಕ ಕಿತ್ತುಕೊಂಡಿತು. ಕಿತ್ತುಕೊಂಡು ಅದರ ಕಡ್ಡಿಯನ್ನು ಬಾಯಿಗಿಟ್ಟು ಚೀಪತೊಡಗಿತು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಮಗು ನನ್ನ ತೊಡೆಯ ಮೇಲಿತ್ತು. ನನ್ನ ಮಾಸ್ಕು ಬ್ಯಾಗಿನಲ್ಲಿತ್ತು.

ಮಗು ನನಗೆ ನೆಂಟಸ್ತಿಕೆಯಲ್ಲ. ಅದರ ಅಜ್ಜಿ, ತಾಯಿಯ ತಾಯಿ, ಅರಸೀಕೆರೆಯಲ್ಲಿ ನಮ್ಮ ಬೀದಿಯ ಜಯಮ್ಮ. ಫೋನಿನಲ್ಲಿ ನೋಡಿದ್ದು ಬಿಟ್ಟರೆ ಮೂರು ತಿಂಗಳಿಂದ ಅವರು ಮೊಮ್ಮಗಳ ಮುಖ ಕಂಡಿಲ್ಲ. ನಾನು ಹೋಗಿ ಎತ್ತಿ ಆಡಿಸಿ ಬಂದೆ. ಹೇಗೆ ಅಂತೀರಾ? ಎರಡು ಡೋಸ್ ಆದ ಸರ್ಟಿಫಿಕೇಟು ನನ್ನ ಹತ್ತಿರ ಇತ್ತು, ಅವರ ಹತ್ತಿರ ಇರಲಿಲ್ಲ.

ಯಾಕೆ ಇರಲಿಲ್ಲ ಅನ್ನುವುದೇ ಈ ವಾರದ ವಿಷಯ. ಮೊದಲಿನಿಂದ ಹೇಳುತ್ತೇನೆ.

ಜಯಮ್ಮನವರದು ಹಿಟ್ಟಿನ ಮಿಲ್ಲು. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದಾರೆ, ಇಪ್ಪತ್ತು ವರ್ಷವಾಯಿತು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಜಗುಲಿಯ ಮೇಲೆ ಡಬ್ಬಗಳ ಸಾಲು. ರಾಗಿ ತುಂಬಿದ ಡಬ್ಬ ಇಟ್ಟು ಹೋಗುವುದು, ಸಂಜೆ ಬಂದು ಹಿಟ್ಟು ತೆಗೆದುಕೊಂಡು ಹೋಗುವುದು. ಯಾರೂ ನಿಲ್ಲುವುದಿಲ್ಲ. ಡಬ್ಬವೇ ನಿಲ್ಲುತ್ತದೆ. ಇಟ್ಟವರು ಯಾರೇ ಆಗಲಿ, ಇಟ್ಟ ಕ್ರಮದಲ್ಲೇ ಹಿಟ್ಟಾಗುತ್ತದೆ. ನಮ್ಮ ವಾರ್ಡಿನ ಮೆಂಬರ ಮನೆಯ ಡಬ್ಬ ಕೂಡ ಹೂವಾಡಗಿತ್ತಿಯ ಡಬ್ಬದ ಹಿಂದೆ ಕಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಕಾಲದಲ್ಲಿ ಒಂದು ಸಲ, ಸ್ಕೂಲಿಗೆ ಹೊತ್ತಾಯಿತು, ನನ್ನದನ್ನು ಸ್ವಲ್ಪ ಮುಂದೆ ಹಾಕಿ ಅಂತ ಕೇಳಿದ್ದೆ. ಜಯಮ್ಮ ಹಿಟ್ಟು ಮೆತ್ತಿದ ರೆಪ್ಪೆ ಎತ್ತಿ ನನ್ನನ್ನು ನೋಡಿದ್ದರು.

"ಡಬ್ಬಕ್ಕೆ ಕಾಲಿಲ್ಲ ಟೀಚರ್. ಇಟ್ಟಲ್ಲೇ ಇರ್ತದೆ."

ಆಮೇಲೆ ನಾನು ಕೇಳಲಿಲ್ಲ.

ಈಗ ಲಸಿಕೆಗೆ ಬನ್ನಿ. ಎರಡನೇ ಅಲೆಯ ದಿನಗಳು ನಿಮಗೆ ನೆನಪಿವೆ, ಮರೆಯುವಷ್ಟು ಹಳೆಯದೂ ಆಗಿಲ್ಲ. ಅಂಗಡಿಗಳು ಬೆಳಿಗ್ಗೆ ಹತ್ತರವರೆಗೆ ಮಾತ್ರ. ಲಸಿಕೆ ಬಂದಿದೆ ಅಂತ ವಾಟ್ಸಾಪಿನಲ್ಲಿ ಒಂದು ಸಾಲು ಬಂದರೆ ಮರುದಿನ ಕೋಳಿ ಕೂಗುವ ಮುಂಚೆ ಊರು ಏಳುತ್ತಿತ್ತು. ನನಗೂ ಜಯಮ್ಮನಿಗೂ ಮೊದಲ ಡೋಸ್ ಒಂದೇ ದಿನ ಆಗಿತ್ತು. ಎರಡನೆಯದಕ್ಕೂ ಒಟ್ಟಿಗೇ ಹೋದೆವು. ಲಸಿಕೆ ಹಾಕುತ್ತಿದ್ದದ್ದು ನಮ್ಮ ಬೀದಿಯಿಂದ ಐದು ನಿಮಿಷದ ದಾರಿಯ ಒಂದು ಶಾಲೆಯಲ್ಲಿ.

ಐದೂವರೆಗೆ ಹೋದರೆ ಅಲ್ಲಿ ಮನುಷ್ಯರು ಕಡಿಮೆ, ವಸ್ತುಗಳೇ ಜಾಸ್ತಿ. ಕಲ್ಲು, ಚಪ್ಪಲಿ, ಛತ್ರಿ, ಹೆಲ್ಮೆಟ್ಟು, ಒಂದು ಅರ್ಧ ತೆಂಗಿನ ಮಟ್ಟೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಜನ ನಾವು. (ನಮ್ಮಲ್ಲಿ ಮನುಷ್ಯನಿಗಿಂತ ಅವನ ಟವೆಲ್ಲಿಗೆ ಮರ್ಯಾದೆ ಹೆಚ್ಚು.) ಜಯಮ್ಮ ತಮ್ಮ ಮಿಲ್ಲಿನ ಒಂದು ಖಾಲಿ ಡಬ್ಬ ತಂದಿದ್ದರು. ಅದನ್ನು ಸಾಲಿನಲ್ಲಿಟ್ಟರು. ಅದರ ಹಿಂದೆ ನಾನು ನಿಂತೆ.

ಮಿಲ್ಲು ತೆಗೆಯಬೇಕಿತ್ತು. ಇರುವುದೇ ನಾಲ್ಕು ಗಂಟೆಯ ವ್ಯಾಪಾರ. "ಡಬ್ಬ ಇಲ್ಲೈತೆ, ನೀವ್ ಹಿಂದೇನೇ ಇದೀರಲ್ಲ, ಸ್ವಲ್ಪ ನೋಡ್ಕಳಿ. ಒಂಬತ್ತಕ್ಕೆ ಟೋಕನ್ ಕೊಡೋವಷ್ಟ್ರಲ್ಲಿ ಬತ್ತೀನಿ," ಅಂದು ಹೋದರು.

ಅವರಿಗೆ ಡಬ್ಬದ ಮೇಲೆ ನಂಬಿಕೆ. ಡಬ್ಬದ ಹಿಂದೆ ನಿಂತವರ ಮೇಲೂ ನಂಬಿಕೆ.

ಎಂಟೂವರೆಗೇ ಸಿಬ್ಬಂದಿ ಹೊರಗೆ ಬಂದರು. ಇವತ್ತು ನಲವತ್ತೇ ಟೋಕನ್, ಈಗಲೇ ಕೊಡುತ್ತೇವೆ, ಕಲ್ಲು ಚಪ್ಪಲಿ ಲೆಕ್ಕಕ್ಕಿಲ್ಲ, ಎದುರಿಗಿದ್ದವರಿಗೆ ಮಾತ್ರ ಅಂದರು. ತಕ್ಷಣ ಎಲ್ಲಿದ್ದರೋ, ಕಲ್ಲಿನವರು ಕಲ್ಲಿನ ಪಕ್ಕಕ್ಕೆ, ಛತ್ರಿಯವರು ಛತ್ರಿಯ ಪಕ್ಕಕ್ಕೆ ಓಡಿ ಬಂದರು. ನಾನು ಗಣಿತದವಳು. ನಿಂತಲ್ಲೇ ತಲೆ ಎಣಿಸಿದೆ. ಜಯಮ್ಮನ ಡಬ್ಬ ನಲವತ್ತನೆಯದು. ನಾನು ನಲವತ್ತೊಂದು.

ಫೋನು ನನ್ನ ಕೈಯಲ್ಲೇ ಇತ್ತು. ಒಂದು ಕರೆ ಮಾಡಿದ್ದರೆ ಅವರು ಮಿಲ್ಲು ನಿಲ್ಲಿಸಿ ಐದೇ ನಿಮಿಷದಲ್ಲಿ ಬರುತ್ತಿದ್ದರು. ಮುಂದಿದ್ದ ಗಂಡಸು ತಿರುಗಿ, ಈ ಡಬ್ಬ ಯಾರದು ಅಂತ ಕೇಳಿದ. ನಾನು ಕಾಲಿನಿಂದ ಡಬ್ಬವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದೆ. ಸ್ವಲ್ಪ ಅಂದರೆ, ಒಬ್ಬರು ನಿಲ್ಲುವಷ್ಟು.

ಡಬ್ಬಕ್ಕೆ ಕಾಲಿಲ್ಲ, ನಿಜ. ನನಗಿತ್ತು.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಜಯಮ್ಮ ಸೆರಗಿನಿಂದ ಹಿಟ್ಟು ಕೊಡವಿಕೊಳ್ಳುತ್ತಾ ಬಂದರು. ಸಾಮಾನುಗಳನ್ನೆಲ್ಲ ತೆಗೆಸಿಬಿಟ್ಟರು ಜಯಮ್ಮ, ಬೇಗ ಕೊಟ್ಟುಬಿಟ್ಟರು ಅಂದೆ. ಇದರಲ್ಲಿ ಸುಳ್ಳು ಎಲ್ಲಿದೆ ಹೇಳಿ? ಅವರು ಗೋಡೆ ಪಕ್ಕದಲ್ಲಿದ್ದ ಡಬ್ಬ ನೋಡಿದರು, ನನ್ನ ಕೈಯಲ್ಲಿದ್ದ ಟೋಕನ್ ನೋಡಿದರು. ಹೋಗಲಿ, ನಿಮಗಾದರೂ ಸಿಕ್ಕಿತಲ್ಲ ಅಂತ ಹೇಳಿ ಡಬ್ಬ ಎತ್ತಿಕೊಂಡು ಹೋದರು.

ಇನ್ನು ನಾಲ್ಕು ದಿನಕ್ಕೆ ಅವರಿಗೂ ಸಿಗುತ್ತದೆ ಅಂತ ನಾನು ಸಮಾಧಾನ ಮಾಡಿಕೊಂಡೆ. ನಾಲ್ಕು ದಿನಕ್ಕೆ ಬಂದದ್ದು ಹೊಸ ನಿಯಮ. ಎರಡು ಡೋಸಿನ ನಡುವೆ ಇನ್ನೂ ಆರು ವಾರ ಕಾಯಬೇಕಂತೆ. ಕಾದರು. ಆಮೇಲೆ ಸ್ಟಾಕ್ ಇಲ್ಲ. ಮತ್ತೆ ಕಾದರು. ಈಗಲೂ ಕಾಯುತ್ತಿದ್ದಾರೆ.

ಮಗಳು ಸವಿತಾ ಬಾಣಂತನ ಮುಗಿಸಿಕೊಂಡು, ಮೂರು ತಿಂಗಳ ಕೂಸಿನೊಂದಿಗೆ ಮಾದಿಹಳ್ಳಿಯ ಗಂಡನ ಮನೆಗೆ ಹೋದದ್ದು ಎರಡನೇ ಅಲೆಗೆ ಸ್ವಲ್ಪ ಮುಂಚೆ. ಆಮೇಲೆ ಜಯಮ್ಮ ಆ ಕಡೆ ಹೋಗಿಲ್ಲ. ಬೀಗರು ಬೇಡ ಅಂದಿಲ್ಲ, ಇವರೇ ಹೋಗಿಲ್ಲ. ದಿನಾ ನೂರು ಜನ ಬಂದು ಹೋಗುವ ಜಾಗ ನನ್ನದು, ಎರಡೂ ಸೂಜಿ ಆಗದೆ ಎಳೆಗೂಸನ್ನು ಮುಟ್ಟಲ್ಲ ಅಂತ ತಾವೇ ಗೆರೆ ಹಾಕಿಕೊಂಡಿದ್ದಾರೆ. ಇಂಥವರಿಗೆ ಸರ್ಕಾರದ ನಿಯಮ ಯಾಕೆ ಬೇಕು?

ನಾವು ಮಾತ್ರ ಎರಡನೇ ಡೋಸಿನ ಹದಿನೈದನೇ ದಿನಕ್ಕೆ ಬೇರೆ ಜಾತಿಯಾದೆವು. "ಊಟ ಆಯ್ತಾ?" ಅಂತ ಕೇಳುತ್ತಿದ್ದ ಊರಿನಲ್ಲಿ ಈಗ "ಎರಡೂ ಆಯ್ತಾ?" ಅಂತ ಕೇಳುತ್ತಾರೆ. ಆಯಿತು ಅಂದರೆ ಕುರ್ಚಿ, ಕಾಫಿ. ಒಂದೇ ಆಗಿದೆ ಅಂದರೆ ಜಗುಲಿ. ಒಂದೂ ಆಗಿಲ್ಲ ಅಂದರೆ ಗೇಟಿನ ಆಚೆಯೇ ಕ್ಷೇಮಸಮಾಚಾರ. ಮದುವೆಮನೆಯಲ್ಲಿ ಮೊದಲನೇ ಪಂಕ್ತಿಯಲ್ಲಿ ಕೂತವರು, ಬೆನ್ನ ಹಿಂದೆ ಎಲೆ ಖಾಲಿಯಾಗಲಿ ಅಂತ ಕಾಯುತ್ತಾ ನಿಂತವರ ಕಡೆ ತಿರುಗಿ ನೋಡುವುದುಂಟೇ? ಪಾಯಸ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ.

ಸಂಜೆ ವಾಕಿಂಗ್ ಹೋಗುವ ನಾವು ನಾಲ್ವರಿದ್ದೆವು. ನಾನು, ಜಯಮ್ಮ, ಬ್ಯಾಂಕಿನಿಂದ ರಿಟೈರಾದ ವಿಮಲಾ, ಕಣಕಟ್ಟೆ ಕಡೆ ತೆಂಗಿನ ತೋಟವಿರುವ ಗಿರಿಜಮ್ಮ. ನಾಲ್ವರಿಗೂ ಸೇರಿ ಒಂದು ವಾಟ್ಸಾಪ್ ಗ್ರೂಪಿತ್ತು. ವಿಮಲಾ ಹೊಸದೊಂದು ಮಾಡಿದರು, ಹೆಸರು "ಡಬಲ್ ಡೋಸ್". ಅದರಲ್ಲಿ ಮೂವರು. ಲಾಕ್‌ಡೌನ್ ಸಡಿಲವಾಯಿತು, ಗುಡಿಗಳು ತೆರೆದವು, ಹಳೇಬೀಡಿಗೆ ಹೋಗೋಣ ಅಂತ ಅಲ್ಲಿ ನಿರ್ಧಾರವಾಯಿತು. ವಿಮಲಾ ಐವತ್ತೈದು ದಾಟಿದ ಮೇಲೆ ಕಾರು ಕಲಿತವರು, ನಮ್ಮ ಮೇಲೆ ಅಭ್ಯಾಸ ಮಾಡುತ್ತಾರೆ.

ಜಯಮ್ಮನಿಗೆ ಹೇಳಲಿಲ್ಲ. ಹೇಳಿ ಯಾಕೆ ಬೇಜಾರು ಮಾಡುವುದು ಅಂತ. (ನಾವು ಬಚ್ಚಿಡುವುದೆಲ್ಲ ಇನ್ನೊಬ್ಬರ ಬೇಜಾರಿನ ಮೇಲಿನ ಕಾಳಜಿಯಿಂದಲೇ, ಗಮನಿಸಿದ್ದೀರಾ?) ಆದರೆ ಗಿರಿಜಮ್ಮನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಶನಿವಾರ ಸಂಜೆ ಜಯಮ್ಮ ನಮ್ಮ ಗೇಟಿಗೆ ಬಂದು, ಒಂದು ಸ್ಟೀಲ್ ಡಬ್ಬಿಯನ್ನು ಕಾಂಪೌಂಡಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ರಾಗಿ ಸರಿ. ರಾಗಿಯನ್ನು ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಮಿಲ್ಲನ್ನು ಎರಡು ಸಲ ತೊಳೆದು ಬೀಸಿದ್ದು. ಮಗುವಿಗೆ ಈಗ ಸರಿ ತಿನ್ನಿಸುವ ತಿಂಗಳು. ಹೆಂಗೂ ಹಳೇಬೀಡಿಗೆ ಮಾದಿಹಳ್ಳಿ ಹತ್ತಿರವೇ ಅಲ್ಲವೇ, ಕೊಟ್ಟು ಬನ್ನಿ ಅಂದರು.

ಹೊರಟೆವು. ಹುಲಿಕೆರೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದೆವು, ಸೆಲ್ಫಿ ತೆಗೆದುಕೊಂಡೆವು. ಹಳೇಬೀಡಿನ ಗುಡಿಯ ಗೇಟಿನಲ್ಲಿ ಕಾವಲಿಗಿದ್ದವರೊಬ್ಬರು ಮಾಸ್ಕ್ ಹಾಕಿಕೊಳ್ಳಿ ಅಂದರು. ಗಿರಿಜಮ್ಮ ಫೋನು ತೆಗೆದು ಸರ್ಟಿಫಿಕೇಟು ತೋರಿಸಿದರು, ರೈಲಿನಲ್ಲಿ ಟಿಕೆಟ್ ತೋರಿಸುವ ಹಾಗೆ.

"ನಿಮಗಾಗೈತೆ ಸರಿ ಅಮ್ಮ. ನಂಗಿನ್ನೂ ಒಂದೂ ಆಗಿಲ್ಲ, ಅದುಕ್ಕೇ ಹೇಳ್ದೆ," ಅಂದರು ಆ ಮನುಷ್ಯ.

ಮೂವರೂ ಮಾಸ್ಕ್ ಹಾಕಿಕೊಂಡೆವು. ಕಾರಿಗೆ ಬಂದು ಕೂತ ಮೇಲೆ ಅವರ ಮಾತಿನ ರೀತಿ ಸರಿಯಿಲ್ಲ ಅಂತ ಗಿರಿಜಮ್ಮ ಅಂದರು.

ಮಾದಿಹಳ್ಳಿಯಲ್ಲಿ ಡಬ್ಬಿ ಕೊಟ್ಟು ಬಾಗಿಲಿನಿಂದಲೇ ಹೊರಡುವುದು ಅಂತ ನನ್ನ ಎಣಿಕೆ. ಜಯಮ್ಮನ ಬೀಗಿತ್ತಿ ಬಿಡಲಿಲ್ಲ. ಎರಡೂ ಆಗಿದೆಯಾ ಅಂತ ಕೇಳಿದರು, ಆಗಿದೆ ಅಂದೆ, ಹಂಗಾದರೆ ಎತ್ತಿಕೊಳ್ಳಿ ಅಂತ ಮಗುವನ್ನು ತಂದು ತೊಡೆಯ ಮೇಲೇ ಕೂರಿಸಿದರು. ಕಾಫಿ ಬಂತು. ಮಾಸ್ಕ್ ಬ್ಯಾಗಿಗೆ ಹೋಯಿತು. ಕನ್ನಡಕ ಮಗುವಿನ ಬಾಯಿಗೆ ಹೋಯಿತು.

ಸವಿತಾ ನನ್ನ ಹಳೆಯ ವಿದ್ಯಾರ್ಥಿನಿ. ಅವಳಿಗೆ ಒಂದು ಡೋಸೂ ಆಗಿಲ್ಲ. ತನ್ನ ಮನೆಯಲ್ಲೇ ಮಾಸ್ಕ್ ಹಾಕಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದಳು. ಅಲ್ಲಿಂದಲೇ ಹೇಳಿದಳು.

"ಅವತ್ತು ಅಮ್ಮ ಇಪ್ಪತ್ತು ನಿಮಿಷ ಮುಂಚೆ ಹೋಗಿದ್ರೆ ಸಿಕ್ತಿತ್ತಂತೆ ಟೀಚರ್. ಒಂದಿನ ಮಿಲ್ ಮುಚ್ಚಿದ್ರೆ ಗಂಟೇನು ಹೋಗ್ತಿತ್ತು? ನಿಂಗೆ ಮೊಮ್ಮಗಳಿಗಿಂತ ಮಿಲ್ಲೇ ಹೆಚ್ಚಾ ಅಂತ ಚೆನ್ನಾಗಿ ಬೈದೆ. ಒಂದ್ವಾರ ಮಾತಾಡಿರಲಿಲ್ಲ ನಾನು."

ಅಮ್ಮ ಏನಂದರು ಅಂತ ಕೇಳಿದೆ.

"ತಡ ಆಯ್ತು ಕಣೇ, ನಂದೇ ತಪ್ಪು ಅಂದ್ರು."

ನಾಚಿಕೆಯಾಯಿತು. ಬರೆಯುವಾಗ ಇದಕ್ಕೆ ಬೇರೆ ಒಳ್ಳೆಯ ಪದ ಹುಡುಕಬಹುದು, ಬೇಡ. ಮಗುವನ್ನು ಕೆಳಗಿಳಿಸೋಣ ಅಂದುಕೊಂಡೆ, ಅದು ನನ್ನ ಸೆರಗು ಹಿಡಿದುಕೊಂಡು ಬಿಡಲಿಲ್ಲ. ಅಷ್ಟರಲ್ಲಿ ವಿಮಲಾ ಫೋಟೋ ತೆಗೆದಾಗಿತ್ತು. ಕಳಿಸಿಯೂ ಆಗಿತ್ತು. ಹೊಸ ಗ್ರೂಪಿಗಲ್ಲ, ಅಭ್ಯಾಸಬಲದಿಂದ ಹಳೆಯದಕ್ಕೆ. ನಾವು ಅರಸೀಕೆರೆ ಸೇರುವಷ್ಟರಲ್ಲಿ ಜಯಮ್ಮ ನೋಡಿದ್ದರು, ನೀಲಿ ಟಿಕ್ ಬಂದಿತ್ತು.

ಸೋಮವಾರ ಬೆಳಿಗ್ಗೆ ಡಬ್ಬಕ್ಕೆ ರಾಗಿ ತುಂಬಿಕೊಂಡು ಮಿಲ್ಲಿಗೆ ಹೋದೆ. ಮನೆಯಲ್ಲಿ ಹಿಟ್ಟು ಇನ್ನೂ ಹದಿನೈದು ದಿನಕ್ಕಾಗುವಷ್ಟಿತ್ತು. ಡಬ್ಬವನ್ನು ಸಾಲಿನ ಕೊನೆಯಲ್ಲಿಟ್ಟು ನಿಂತೆ. ಜಯಮ್ಮ ಮಿಲ್ಲು ನಿಲ್ಲಿಸಿ ಹೊರಗೆ ಬಂದರು. ಮುಖಕ್ಕೆ ಮಾಸ್ಕು, ಅದರ ಮೇಲೆ ಹಿಟ್ಟು.

ಅವತ್ತು ಸ್ಕೂಲಿನ ಹತ್ತಿರ ನಿಮ್ಮ ಡಬ್ಬ ತೆಗೆಸಿದರು ಅಂದಿದ್ದೆನಲ್ಲ, ಅಂತ ಶುರು ಮಾಡಿದೆ. ಮುಂದಿನದನ್ನು ರಾತ್ರಿಯೇ ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಅದು ಬೇಕಾಗಲಿಲ್ಲ.

"ಡಬ್ಬಕ್ಕೆ ಕಾಲಿಲ್ಲ ಟೀಚರ್," ಅಂದರು. "ಅವತ್ತೇ ಗೊತ್ತಾಯ್ತು."

ಗೊತ್ತಿದ್ದೂ ಮಗಳ ಕೈಲಿ ಬೈಸಿಕೊಂಡಿರಾ ಅಂದೆ. ನಿಮ್ಮ ಹತ್ತಿರ ಪಾಠ ಕಲಿತ ಹುಡುಗಿ, ಅವಳಿಗೆ ಏನಂತ ಹೇಳಲಿ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

"ಅದಿರ್ಲಿ. ಎತ್ಕಂಡಿದ್ರಲ್ಲ, ಎಷ್ಟ್ ಭಾರ ಅವಳೆ ಈಗ?"

ಮೂವತ್ತು ವರ್ಷ ಗಣಿತ ಹೇಳಿದವಳಿಗೆ ಒಂದು ಮಗುವಿನ ತೂಕ ಅಂದಾಜು ಮಾಡಲು ಬರಲಿಲ್ಲ. ಜಯಮ್ಮ ಸಾಲಿನ ಕಡೆ ಕೈ ತೋರಿಸಿ, ಎತ್ತಿ ನೋಡಿ ಹೇಳಿ ಅಂದರು. ತೂಕದ ವಿಷಯದಲ್ಲಿ ಅವರಿಗೆ ತಕ್ಕಡಿ ಬೇಡ, ಕೈಯೇ ಸಾಕು. ನಾನು ಒಂದೊಂದೇ ಡಬ್ಬ ಎತ್ತಿದೆ. ಒಂದು ಹಗುರವಾಯಿತು. ಒಂದು ತೀರಾ ಭಾರವಾಯಿತು. ಕೊನೆಗೆ ಸರಿಹೋದದ್ದು ನನ್ನದೇ ಡಬ್ಬ. ಇದು, ಇಷ್ಟೇ ಅಂದೆ.

ಜಯಮ್ಮ ಕೈ ಒರೆಸಿಕೊಂಡು ಅದನ್ನು ಎತ್ತಿಕೊಂಡರು. ಡಬ್ಬ ಎತ್ತುವ ಹಾಗಲ್ಲ. ಸೊಂಟದ ಮೇಲಿಟ್ಟು, ಒಂದು ಕೈ ಸುತ್ತ ಹಾಕಿ ಹಿಡಿದರು. ಒಂದು ನಿಮಿಷ ಹಾಗೇ ನಿಂತಿದ್ದರು. ಪರವಾಗಿಲ್ಲ, ಚೆನ್ನಾಗಿ ಬೆಳೆದಿದ್ದಾಳೆ ಅಂದರು. ಆಮೇಲೆ ಡಬ್ಬವನ್ನು ಇದ್ದ ಜಾಗದಲ್ಲೇ, ಸಾಲಿನ ಕೊನೆಯಲ್ಲೇ ಇಟ್ಟು, ಸಂಜೆ ಬನ್ನಿ ಟೀಚರ್ ಅಂತ ಹೇಳಿ ಒಳಗೆ ಹೋದರು.

ಮನೆಗೆ ಬಂದು ಸರ್ಟಿಫಿಕೇಟು ತೆಗೆದು ನೋಡಿದೆ. ನನ್ನ ಹೆಸರಿದೆ, ವಯಸ್ಸಿದೆ, ಎರಡು ಡೋಸಿನ ತಾರೀಖಿದೆ. ಯಾರ ಸರದಿಯಲ್ಲಿ ಹಾಕಿಸಿಕೊಂಡದ್ದು ಅಂತ ಬರೆಯಲು ಮಾತ್ರ ಒಂದು ಕಾಲಂ ಇಲ್ಲ, ಯಾಕೆ?